ಬೆರಳು ಹೇಳಿದ ತೂಕ

ನವೆಂಬರ್ 4, ಸೋಮವಾರ. ಬೆಳಿಗ್ಗೆ

ಫ್ರಿಜ್ಜಿನಿಂದ ಹಾಲು ತೆಗೆಯಲು ಇವತ್ತೂ ಉಲ್ಲನ್ ಕೈಗವಸು. ತಣ್ಣಗಿನದು ಮುಟ್ಟಿದರೆ ಸೂಜಿ ಚುಚ್ಚಿದ ಹಾಗಾಗುತ್ತದೆ ಎನ್ನುತ್ತಾನೆ ರಾಯ್ಸ್. ಕೀಮೋ ಮುಗಿದರೂ ಔಷಧಿ ಇನ್ನೂ ಕೈಯಲ್ಲೇ ಕೂತಿದೆ, ನಿಧಾನ ಇಳಿಯುತ್ತದೆ ಎಂದಿದ್ದಾರೆ ಡಾಕ್ಟರು. ಆಪರೇಷನ್ನಿನಲ್ಲಿ ಕರುಳಿನ ಗಡ್ಡೆ ಹೋಯಿತು. ಗಂಡ ಎದುರು ಕೂತು ಟೋಸ್ಟ್ ತಿನ್ನುತ್ತಿದ್ದಾನೆ. ಇನ್ನೇನು ಬೇಕು.

ಹಿತ್ತಲಿನ ಶಾಪ್‌ನಲ್ಲಿ ಮತ್ತೆ ದೀಪ. ಎಣ್ಣೆಯ ವಾಸನೆ, ಸಾಣೆಕಲ್ಲಿನ ಸಣ್ಣ ಸದ್ದು. ಬೇಸಿಗೆಯಿಡೀ ಆ ಸದ್ದಿಲ್ಲದೆ ಮನೆ ಬಾವಿಯ ಹಾಗಿತ್ತು. ಹಿಕರಿ ಫೋರ್ಕ್‌ನಂಥ ಊರಿನಲ್ಲಿ ಪಿಸ್ತೂಲು ರಿಪೇರಿಯವನು ಹಾಸಿಗೆ ಹಿಡಿದರೆ, ಹಲ್ಲಿನ ಡಾಕ್ಟರು ಹಾಸಿಗೆ ಹಿಡಿದಷ್ಟೇ ಜನ ವಿಚಾರಿಸುತ್ತಾರೆ. ಎಲ್ಲರ ಸೊಂಟದಲ್ಲೂ ಒಂದಿದೆ. ನನ್ನದನ್ನೂ ಕಳೆದ ವಾರ ಬಿಚ್ಚಿ, ಸಾಣೆ ಹಿಡಿದು ಕೊಟ್ಟ. ಕೈ ಪಳಗಿಸಿಕೊಳ್ಳಲು, ಎಂದ. ಡ್ರಾಯರಿನಲ್ಲಿಟ್ಟೆ. ಲೈಬ್ರರಿ ಕೆಲಸಕ್ಕೆ ಹೊತ್ತಾಯಿತು.

ನವೆಂಬರ್ 7, ಗುರುವಾರ

ನಡೀನ್ ಬಂದಿದ್ದಳು. ಅರವತ್ತೆರಡರ ವಿಧವೆ, ನರ್ಸ್. ಹಳ್ಳಕೊಳ್ಳದ ಒಂಟಿ ಮನೆಗಳಿಗೆ ತಾನೇ ಕಾರು ಓಡಿಸಿಕೊಂಡು ಹೋಗಿ, ಸಾಯುತ್ತಿರುವವರನ್ನು ನೋಡಿಕೊಳ್ಳುವ ಕೆಲಸ. ಅವರ ಮಾರ್ಫಿನ್ ಇವಳ ಚೀಲದಲ್ಲಿರುತ್ತದೆ. ಅದು ಇಡೀ ಮಿಸ್ಸೌರಿ ರಾಜ್ಯಕ್ಕೇ ಗೊತ್ತು. ಅದಕ್ಕೇ ಪಿಸ್ತೂಲು.

ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಎಳೆದು, ಗುಂಡು ಕೂರುವ ಚೇಂಬರ್ ಖಾಲಿ ಎಂದು ತೋರಿಸಿ, ನನ್ನ ಕೈಗೆ ಕೊಟ್ಟಳು. ನಾನು ನೋಡಿ ರಾಯ್ಸ್‌ಗೆ ಕೊಟ್ಟೆ. ಅವನು ಮತ್ತೆ ನೋಡಿ, ಕಿರುಬೆರಳು ಹಾಕಿ ನೋಡಿ, ಮೇಜಿನ ಮೇಲಿಟ್ಟ. ಮೂವರೂ ಒಬ್ಬರನ್ನೊಬ್ಬರು ನಂಬಲಿಲ್ಲ. ಇಲ್ಲಿ ಅದೇ ಮರ್ಯಾದೆ.

"ಅಲ್ಲ ಕಣೋ ರಾಯ್ಸ್, ಇದರ ಟ್ರಿಗರ್ ಎಳೆಯೋದಂದ್ರೆ ಹಟಮಾರಿ ಹಸೂನ ಗೇಟಿಂದಾಚೆ ಎಳೆದ ಹಾಗೆ. ಗುಂಡು ಹೊರಡೋ ಹೊತ್ತಿಗೆ ಕಳ್ಳ ಮದುವೆಯಾಗಿ ಎರಡು ಮಕ್ಕಳು ಮಾಡಿರ್ತಾನೆ."

"ಕಳ್ಳಂಗೂ ಒಂದು ಬದುಕು ಬೇಡ್ವಾ, ಮಿಸ್ ನಡೀನ್?"

"ತಮಾಷೆ ಸಾಕು. ಗೆಣ್ಣು ನೋಯುತ್ತೆ. ಕೊನೆಗೆ ಕೈ ನಡುಗಿ ಎಲ್ಲೋ ಹೋಗುತ್ತೆ ಗುರಿ. ಜೂನಿ ನಮ್ಮನೇಲೇ ಇರ್ತಾಳೆ ಈಗ, ಸ್ಕೂಲು ಬಿಟ್ಟ ಮೇಲೆ. ನನ್ನ ಮೇಲೆ ನನಗೆ ನಂಬಿಕೆ ಇರ್ಬೇಕಲ್ಲ?"

ಜೂನಿ ಮೊಮ್ಮಗಳು, ಐದು ವರ್ಷ. ಮಗ ಲೀಲಂಡ್ ವಿದ್ಯುತ್ ಲೈನಿನ ಕೆಲಸದವನು. ಜೂನಿಯ ತಾಯಿ ಬಿಟ್ಟುಹೋದ ಮೇಲೆ ಆ ಮಗುವೇ ನಡೀನ್‌ಳ ಸಂಜೆ. ಮಾತೆತ್ತಿದರೆ ಜೂನಿ.

"ಹಗುರ ಮಾಡ್ತೀನಿ. ತೀರಾ ಹಗುರ ಅಲ್ಲ," ಎಂದ ರಾಯ್ಸ್. "ಇದಕ್ಕೆ ಹೊರಗೆ ಸೇಫ್ಟಿ ಗುಂಡಿ ಇಲ್ಲ. ಹಳೇ ಮಾದರಿ, ಬಿದ್ದರೆ ತಡೆಯೋಕೆ ಒಳಗೂ ಬೇರೇನಿಲ್ಲ. ಗುಂಡಿಗೆ ಬಡಿಯೋ ಸೂಜೀನ ಹಿಡಿದಿಡೋ ಕಚ್ಚು ಒಂದೇ. ಗೋಡೆ ಇರ್ಲೇಬೇಕು."

ಗೋಡೆ. ನಾವು ಪ್ರೀತಿಸುತ್ತಿದ್ದ ಕಾಲದಲ್ಲಿ ಅವನು ನನಗೆ ಕಲಿಸಿದ ಮೊದಲ ಪದ. ಟ್ರಿಗರ್ ಒತ್ತಿದರೆ ಮೊದಲು ಸಡಿಲ. ಆಮೇಲೆ ಬೆರಳಿಗೆ ಏನೋ ಅಡ್ಡ ಸಿಗುತ್ತದೆ, ಅದು ಗೋಡೆ. ಅಲ್ಲಿ ನಿಂತು ಕೇಳಿಕೊಳ್ಳಬೇಕು: ನಿಜವಾಗಿಯೂ? ಅದನ್ನು ದಾಟಿದರೆ ಮುರಿತ. ಗಾಜಿನ ಕಡ್ಡಿ ಮುರಿದಂತೆ ಇರಬೇಕು, ಎನ್ನುತ್ತಾನೆ. ನಾನು ಎಂ.ಎ.ಗೆ ಬರೆದದ್ದು ಪದ್ಯದ ಸಾಲು ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂಬುದರ ಮೇಲೆ. ಯತಿಯ ಮೇಲೆ. ನಾವಿಬ್ಬರೂ ಒಂದೇ ವಿಷಯ ಓದಿದವರು ಎಂದು ಆಗ ನಗುತ್ತಿದ್ದೆವು.

ನವೆಂಬರ್ 11

ಇನ್ನೂ ನಡೀನ್‌ಳದ್ದೇ. ಒಂದು ಮಧ್ಯಾಹ್ನದ ಕೆಲಸ ಅದು.

"ಮುರಿತ ಇನ್ನೂ ಮಂದ. ಒರಟು ಹೋಗ್ಲಿಲ್ಲ," ಎಂದ. ಮತ್ತೆ ಸಾಣೆ.

ಊಟಕ್ಕೆ ಕರೆದೆ. ಆಮೇಲೆ ಬಂದ. ಕಾರ್ನ್‌ಬ್ರೆಡ್ ತಣ್ಣಗಾಗಿತ್ತು.

ನವೆಂಬರ್ 14, ಗುರುವಾರ. ಸಂಜೆ

ನಡೀನ್ ತೆಗೆದುಕೊಂಡು ಹೋದಳು. ಖಾಲಿ ಪಿಸ್ತೂಲು, ತಪ್ಪಿ ಹಾರಿದರೆ ಗುಂಡು ತಡೆಯಲು ಇಟ್ಟ ಮಣ್ಣಿನ ಡಬ್ಬಿಯತ್ತ ಮೂತಿ, ಕಣ್ಣು ಮುಚ್ಚಿ ಎಳೆದು ನೋಡಿದಳು.

"ಅಯ್ಯೋ ನನ್ನಪ್ಪ! ಬೆಣ್ಣೆ ಕಣೋ ಇದು!"

ರಾಯ್ಸ್ ತಾನೂ ಒಮ್ಮೆ ಎಳೆದು, "ನಾಲ್ಕೂವರೆ ಪೌಂಡು" ಎಂದ.

ಇದು ಅವನ ಆಟ. ಟ್ರಿಗರ್ ಎಳೆಯಲು ಎಷ್ಟು ತೂಕದ ಬಲ ಬೇಕೆಂದು ಬೆರಳಿನಿಂದಲೇ ಹೇಳುವುದು, ಆಮೇಲೆ ಕೊಕ್ಕೆ ತಕ್ಕಡಿ ಟ್ರಿಗರ್‌ಗೆ ಸಿಕ್ಕಿಸಿ ಎಳೆದು ತೋರಿಸುವುದು. ತಪ್ಪಿದ್ದು ನಾನು ಕಂಡಿಲ್ಲ. ಆಚೆ ಕೌಂಟಿಯಿಂದಲೂ ಜನ ಬರುವುದು ಆ ಬೆರಳಿಗೆ. ಇವತ್ತು ತಕ್ಕಡಿ ತೆಗೆಯಲಿಲ್ಲ.

"ತಕ್ಕಡಿ ಎಲ್ಲಿ?" ಎಂದೆ.

"ಸ್ಪ್ರಿಂಗ್ ಹೋಗಿದೆ."

"ರಾಯ್ಸ್ ಬೆರಳಿದ್ದ ಮೇಲೆ ತಕ್ಕಡಿ ಯಾಕೆ ಚಿನ್ನ," ಎಂದಳು ನಡೀನ್. ಅವನ ಕೆನ್ನೆ ತಟ್ಟಿ ಹೋದಳು.

ಅವನು ನಗಲಿಲ್ಲ. ದಣಿದಿರಬೇಕು.

ನವೆಂಬರ್ 24, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಎಲೆ ಗುಡಿಸಿದೆ, ಓದಿದೆ, ಬರೆಯುವಂಥದ್ದು ಇರಲಿಲ್ಲ. ಇವತ್ತು ಇದೆ.

ಚರ್ಚ್‌ನಲ್ಲಿ ನಡೀನ್ ಇರಲಿಲ್ಲ. ಅವಳ ಜಾಗ ಖಾಲಿ. ಪ್ರಾರ್ಥನೆ ಮುಗಿದು ಕಾಫಿ ಹಿಡಿದು ನಿಂತಾಗ ಗೊತ್ತಾಯಿತು. ಬುಧವಾರ ಅವಳ ಅಡುಗೆಮನೆಯಲ್ಲಿ ಪಿಸ್ತೂಲು ಹಾರಿದೆ. ಗುಂಡು ಗೋಡೆ ತೂರಿ ಪಕ್ಕದ ಕೋಣೆಯ ಸೋಫಾಕ್ಕೆ ಹೊಕ್ಕಿದೆ. ಜೂನಿ ಅದೇ ಕೋಣೆಯಲ್ಲಿ ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ನೆಲದ ಮೇಲೆ. ಸೋಫಾದ ಮೇಲಲ್ಲ.

ಮಗುವಿಗೆ ಏನೂ ಆಗಿಲ್ಲ. ಲೀಲಂಡ್ ಬಂದು ಅವಳನ್ನು ಎತ್ತಿಕೊಂಡು ಹೋದನಂತೆ. ಇನ್ನು ಅಜ್ಜಿಯ ಮನೆ ಇಲ್ಲ ಎಂದನಂತೆ.

"ಬೆರಳು ಇಟ್ಟಿರ್ಬೇಕು," ಎಂದರು ಒಬ್ಬರು.

"ವಯಸ್ಸಾಯ್ತಲ್ಲ," ಇನ್ನೊಬ್ಬರು.

ರಾಯ್ಸ್ ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದಿದ್ದ. "ಬಂದೂಕು ತಾನಾಗಿ ಹಾರಲ್ಲ," ಎಂದ. ಮೆಲ್ಲಗೆ, ದುಃಖದಿಂದ. ಎಲ್ಲರೂ ತಲೆಯಾಡಿಸಿದರು. ಇಲ್ಲಿ ಮಕ್ಕಳಿಗೆ ಪ್ರಾರ್ಥನೆಯ ಜೊತೆ ಕಲಿಸುವ ಮಾತು ಅದು. ಬಂದೂಕು ಹಾರಿಸುವುದು ಬೆರಳು. ನಾನೂ ತಲೆಯಾಡಿಸಿದೆ.

ನವೆಂಬರ್ 26, ಮಂಗಳವಾರ

ಚಿಕನ್ ನೂಡಲ್ ಬೇಯಿಸಿಕೊಂಡು ನಡೀನ್ ಮನೆಗೆ ಹೋದೆ. ಬಾಗಿಲು ತೆಗೆದವಳ ಕೂದಲು ಬಾಚಿರಲಿಲ್ಲ. ಅವಳನ್ನು ಹಾಗೆ ನೋಡಿದ್ದೇ ಇಲ್ಲ.

"ಬಾ ಚಿನ್ನ. ಮಗೂನ ಕೊಲ್ಲೋಕೆ ಹೋದವಳ ಮನೆಗೆ ನೂಡಲ್ ತಂದಿದ್ದೀಯ."

"ಹಾಗನ್ಬೇಡಿ, ಮಿಸ್ ನಡೀನ್. ಏನಾಯ್ತು ಹೇಳಿ."

ಕೆಲಸದಿಂದ ಬಂದು, ಎಂದಿನಂತೆ ಒರೆ ಸಮೇತ ಸೊಂಟದಿಂದ ಬಿಚ್ಚಿ, ಮಗುವಿಗೆ ಎಟುಕದಂತೆ ಫ್ರಿಜ್ಜಿನ ಮೇಲಿನ ಪೆಟ್ಟಿಗೆಯಲ್ಲಿಡಲು ಹೋದಳಂತೆ. ಕೈ ಜಾರಿತು. ಬಿತ್ತು. ಹಾರಿತು.

"ಒರೆಯಲ್ಲೇ ಇತ್ತಾ?"

"ಇತ್ತು ಅಂದ್ಕೊಂಡಿದ್ದೆ. ಇರ್ಲಿಕ್ಕಿಲ್ಲ. ಹೊರಗೆ ತೆಗೆದಿದ್ದೆ ಅನ್ಸುತ್ತೆ. ಬೀಳೋದನ್ನ ಹಿಡಿಯೋಕೆ ಹೋಗಿ ಬೆರಳು ಸಿಕ್ಕಿರ್ಬೇಕು."

"ಅನ್ಸುತ್ತಾ, ನೆನಪಿದ್ಯಾ?"

"ಬೆರಳಿಲ್ದೆ ಹೇಗೆ ಹಾರುತ್ತೆ, ಕೋರಾ? ನೀನೇ ಹೇಳು." ಬಲಗೈ ಬೆರಳನ್ನು ಎಡಗೈಯಲ್ಲಿ ಮುಚ್ಚಿ ಹಿಡಿದುಕೊಂಡಿದ್ದಳು. "ಲೀಲಂಡ್ ಹೇಳ್ದ, ಅಮ್ಮಾ, ನಿನ್ನ ಕೈ ನಾನು ಇನ್ನು ನಂಬಲ್ಲ ಅಂತ. ಸರಿಯಾಗೇ ಹೇಳ್ದ. ನಾನಾಗಿದ್ರೂ ಅದನ್ನೇ ಹೇಳ್ತಿದ್ದೆ."

ಪಿಸ್ತೂಲನ್ನು ಪೊಲೀಸಿನವರು ನೋಡಿ, ಬರೆದುಕೊಂಡು, ವಾಪಸು ಕೊಟ್ಟಿದ್ದಾರೆ. ರಾಯ್ಸ್‌ಗೆ ಹೇಳು, ಮಾರಿಕೊಡಲಿ, ಎಂದಳು. ಒರೆ ಮೇಜಿನ ಮೇಲಿತ್ತು. ಗಟ್ಟಿ ಪ್ಲಾಸ್ಟಿಕ್‌ನದು, ಟ್ರಿಗರ್ ಪೂರ್ತಿ ಮುಚ್ಚುವಂಥದ್ದು. ಸುಮ್ಮನೆ ಎತ್ತಿ ನೋಡಿದೆ. ತಳ ಒಡೆದಿತ್ತು. ಒಳಗಿನಿಂದ ಹೊರಕ್ಕೆ. ಅಂಚಿನಲ್ಲಿ ಮದ್ದಿನ ಕಪ್ಪು.

ಒರೆಯೊಳಗೇ ಹಾರಿದೆ. ಅಲ್ಲಿ ಬೆರಳು ಹೋಗಲು ಸಾಧ್ಯವೇ ಇಲ್ಲ.

ನಡೀನ್ ನೂಡಲ್ ಬಡಿಸುತ್ತಿದ್ದಳು. ಒರೆ ಕೆಳಗಿಟ್ಟು ತಟ್ಟೆಗೆ ಕೈ ಚಾಚಿದೆ.

ನವೆಂಬರ್ 27

ಒರೆಯ ವಿಷಯ ರಾಯ್ಸ್‌ಗೂ ಹೇಳಲಿಲ್ಲ. ಕೇಳಿದ, ಹೇಗಿದ್ದಾಳೆ ಎಂದು. ಹಾಗೇ ಇದ್ದಾಳೆ ಎಂದೆ. ನಾಳೆ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕರೆದಿದ್ದೇನೆ, ಮಗ ಕರೆದಿಲ್ಲ ಅವಳನ್ನ, ಎಂದೆ. ಒಳ್ಳೇದು ಮಾಡಿದೆ, ಎಂದ.

ಪದ್ಯದ ಪುಸ್ತಕ ತೊಡೆಯ ಮೇಲಿದೆ. ಒಂದೇ ಪುಟ. ಕಣ್ಣು ಸಾಲಿನ ಕೊನೆಗೆ ಹೋಗಿ ಬೀಳುತ್ತದೆ, ಮತ್ತೆ ಮೇಲೆ ಬರುತ್ತದೆ.

ಪಿಸ್ತೂಲಿನದೇ ದೋಷವಿರಬಹುದು. ಹಳೆಯದು. ತಯಾರಿಸಿದಾಗಲೇ ಇದ್ದ ಬಿರುಕು… ಇರಬಹುದಲ್ಲ?

ನವೆಂಬರ್ 28, ಗುರುವಾರ. ಥ್ಯಾಂಕ್ಸ್‌ಗಿವಿಂಗ್

ಮೂವರೇ. ನಡೀನ್ ಕೂದಲು ಬಾಚಿಕೊಂಡು, ಕುಂಬಳದ ಪೈ ತಂದಿದ್ದಳು. ಅವಳೇ ಪ್ರಾರ್ಥನೆ ಹೇಳಿದಳು. ಮಗುವನ್ನ ಸೋಫಾದ ಮೇಲೆ ಕೂರಿಸದೆ ನೆಲದ ಮೇಲೆ ಕೂರಿಸಿದೆಯಲ್ಲ ದೇವರೇ, ಅದಕ್ಕೆ ಕೃತಜ್ಞಳು, ಎಂದಳು. ಆಮೆನ್ ಎನ್ನುವ ಬದಲು ನಾನು ಬಟ್ಟಲು ಅವಳತ್ತ ಸರಿಸಿದೆ.

ರಾಯ್ಸ್ ಟರ್ಕಿ ಕೊಯ್ಯುತ್ತಿದ್ದ. ಏನೋ ಹಳೆಯ ಬೇಟೆಯ ಕಥೆ ಹೇಳುತ್ತ, ಅವಳನ್ನು ನಗಿಸಲು ನೋಡುತ್ತ. ತಟ್ಟೆಯ ಅಂಚಿನಲ್ಲಿ ಕೆಂಪು ಕಂಡಿತು. ಕ್ರ್ಯಾನ್‌ಬೆರಿ ಸಾಸ್ ಎಂದುಕೊಂಡೆ.

"ರಾಯ್ಸ್. ಕೈ."

"ಏನು?"

"ರಕ್ತ."

ಎಡಗೈ ನೋಡಿಕೊಂಡ. ಆಮೇಲೆ ಬಲಗೈ. ಯಾವ ಕೈ ಎಂದು ಅವನಿಗೆ ಗೊತ್ತಿರಲಿಲ್ಲ.

ಎಡಗೈ. ಎರಡು ಬೆರಳು, ಆಳವಾಗಿ. ನಡೀನ್ ಎದ್ದಳು, ಅವಳು ಮತ್ತೆ ನರ್ಸ್ ಆದಳು. ಕರವಸ್ತ್ರ ಸುತ್ತಿ ಒತ್ತಿ ಹಿಡಿದಳು.

"ಎಷ್ಟು ದಿನದಿಂದ ಹೀಗೆ?"

"ತಣ್ಣಗಿದ್ರೆ ಮಾತ್ರ, ಮಿಸ್ ನಡೀನ್."

"ಟರ್ಕಿ ಬಿಸಿ ಇದೆ ಕಣೋ."

ಅವನು ನಗಲು ನೋಡಿದ.

"ಇನ್ನೊಂದು ಕೈ ಕೊಡು. ಕಣ್ಣು ಮುಚ್ಚು. ಯಾವ ಬೆರಳು ಮುಟ್ತಿದ್ದೀನಿ ಹೇಳು."

ಕಣ್ಣು ಮುಚ್ಚಿದ. ನಡೀನ್ ಫೋರ್ಕಿನ ಮೊನೆಯಿಂದ ಅವನ ತೋರುಬೆರಳಿನ ತುದಿ ಒತ್ತಿದಳು. ಚರ್ಮ ಬಿಳಿಚಿತು.

"ಮುಟ್ಟು ಮತ್ತೆ," ಎಂದ ರಾಯ್ಸ್.

ಅವಳು ಒತ್ತಿಯೇ ಹಿಡಿದಿದ್ದಳು.

"ಉಂಗುರದ ಬೆರಳು?" ಎಂದ.

ನಡೀನ್ ಫೋರ್ಕ್ ಕೆಳಗಿಟ್ಟಳು. "ಕೀಮೋ ನಿಲ್ಸಿದ ಮೇಲೂ ಇದು ಕೆಲವರಿಗೆ ಹೆಚ್ಚಾಗುತ್ತೆ. ಡಾಕ್ಟರಿಗೆ ಮುಚ್ಚಿಡ್ಬೇಡ ನೀನು. ನನ್ನ ಹಾಗೆ ಕೈಯಿಂದ ಏನಾದ್ರೂ ಬೀಳಿಸ್ಕೊಂಡೀಯ." ಅವನ ತಲೆ ಸವರಿದಳು.

ಅವಳಿಗೆ ಹೊಳೆಯಲೇ ಇಲ್ಲ. ತಪ್ಪು ತನ್ನದೇ ಎಂದು ಅಷ್ಟು ಖಚಿತವಾಗಿದ್ದವಳಿಗೆ ಬೇರೇನು ಹೊಳೆದೀತು. ನನಗೆ ಹೊಳೆಯಿತು. ರಾಯ್ಸ್ ನನ್ನ ಮುಖ ನೋಡಲಿಲ್ಲ. ಪೈ ಚೆನ್ನಾಗಿತ್ತು ಎಂದೆವು.

ನವೆಂಬರ್ 29, ಶುಕ್ರವಾರ

ಬೆಳಿಗ್ಗೆ ಅವನು ಕೈಗೆ ಹೊಲಿಗೆ ಹಾಕಿಸಲು ಹೋದ. ನೆರೆಯವರ ಗಾಡಿಯಲ್ಲಿ. ನಾನು ಶಾಪ್‌ಗೆ ಹೋದೆ.

ತಕ್ಕಡಿ ಕೆಳಗಿನ ಡ್ರಾಯರಿನಲ್ಲಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ. ನಾಲ್ಕು ಪೌಂಡಿನ ಸಕ್ಕರೆ ಚೀಲ ತಂದು ತೂಗಿದೆ. ಮುಳ್ಳು ಸರಿಯಾಗಿ ನಾಲ್ಕರ ಮೇಲೆ. ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ.

ನನ್ನ ಪಿಸ್ತೂಲು ತಂದೆ. ನಡೀನ್‌ಳದ್ದೇ ಮಾದರಿ. ಇಬ್ಬರೂ ಒಂದೇ ಕ್ಲಾಸಿಗೆ ಹೋಗಿ, ಒಂದೇ ದಿನ ತೆಗೆದುಕೊಂಡವರು. ಗುಂಡು ತುಂಬಿದ ಮ್ಯಾಗಜಿನ್ ಹೊರತೆಗೆದೆ. ಸ್ಲೈಡ್ ಎಳೆದು ನೋಡಿದೆ, ಬೆರಳು ಹಾಕಿ ನೋಡಿದೆ, ಮತ್ತೆ ನೋಡಿದೆ. ಮಣ್ಣಿನ ಡಬ್ಬಿಯತ್ತ ಹಿಡಿದು ಕಣ್ಣು ಮುಚ್ಚಿದೆ.

ಸಡಿಲ. ಸಡಿಲ. ಕ್ಲಿಕ್.

ಗೋಡೆ ಇಲ್ಲ. ಬೆರಳು ಏನನ್ನೂ ಕೇಳಿಕೊಳ್ಳುವ ಮೊದಲೇ ಮುಗಿದಿತ್ತು. ಸ್ಲೈಡ್ ಎಳೆದು ಬಿಟ್ಟು ತಕ್ಕಡಿ ಸಿಕ್ಕಿಸಿ ನೋಡಿದೆ; ಮುಳ್ಳು ಎರಡು ಪೌಂಡನ್ನೂ ಮುಟ್ಟಲಿಲ್ಲ.

ಮತ್ತೆ ಸ್ಲೈಡ್ ಎಳೆದು ಬಿಟ್ಟೆ. ಈಗ ಟ್ರಿಗರ್ ಮುಟ್ಟಲಿಲ್ಲ. ನೈಲಾನ್ ಸುತ್ತಿಗೆ ತೆಗೆದುಕೊಂಡು ಹಿಂಬದಿಗೆ ಒಂದು ತಟ್ಟು, ಬಿದ್ದರೂ ಕಚ್ಚು ಹಿಡಿಯುತ್ತದೋ ನೋಡಲು ರಾಯ್ಸ್ ಪ್ರತಿ ಕೆಲಸದ ಕೊನೆಗೆ ತಟ್ಟುತ್ತಿದ್ದ ಹಾಗೆ.

ಕ್ಲಿಕ್.

ಯಾರ ಬೆರಳೂ ಇರಲಿಲ್ಲ. ಎಷ್ಟು ಸಣ್ಣ ಸದ್ದು ಅದು.

ಮಧ್ಯಾಹ್ನ

ಬಂದ. ಮೇಜಿನ ಮೇಲೆ ತಕ್ಕಡಿ, ಸುತ್ತಿಗೆ, ನನ್ನ ಪಿಸ್ತೂಲು. ನೋಡಿ ಬಾಗಿಲಲ್ಲೇ ನಿಂತ.

"ನನ್ನ ಡ್ರಾಯರ್ ಯಾಕೆ ತೆಗ್ದೆ?"

"ಇದರ ತೂಕ ಹೇಳು."

ಸ್ಲೈಡ್ ಎಳೆದು ತೋರಿಸಿ ಕೊಟ್ಟೆ. ಸಿಟ್ಟಿನಲ್ಲೂ ಚೇಂಬರ್ ನೋಡುವುದು ಮರೆಯಲಿಲ್ಲ ಅವನು. ಎಳೆದ.

"ನಾಲ್ಕೂವರೆ."

ಸ್ಲೈಡ್ ಎಳೆದು ಬಿಟ್ಟು, ತಕ್ಕಡಿ ಸಿಕ್ಕಿಸಿ ಎಳೆದೆ. ಮುಳ್ಳು ನೋಡಿದ. ಮತ್ತೆ ಸ್ಲೈಡ್ ಎಳೆದು ಬಿಟ್ಟು ಸುತ್ತಿಗೆ ಎತ್ತಿದೆ.

"ಬೇಡ," ಎಂದ.

ತಟ್ಟಿದೆ. ಕ್ಲಿಕ್.

ಸ್ಟೂಲ್ ಎಳೆದು ಕೂತ. ನಾನು ನಡೀನ್‌ಳ ಒರೆಯ ವಿಷಯ ಹೇಳಿದೆ. ತಳ ಒಡೆದದ್ದು, ಒಳಗಿನ ಕಪ್ಪು.

"ಯಾವತ್ತು ನೋಡ್ದೆ?"

"ಮಂಗಳವಾರ."

"ನಿನ್ನೆ ಅವಳ ಪ್ರಾರ್ಥನೆ ಕೇಳ್ಕೊಂಡು ಕೂತಿದ್ದೆ ನೀನು."

"ನೀನೂ ಕೂತಿದ್ದೆ. ನಿನ್ನ ಕೈ ನಿನಗೆ ಗೊತ್ತಿರ್ಲಿಲ್ವಾ?"

"ಸುಳ್ಳು ಹೇಳ್ಲಿಲ್ಲ ಕೋರಾ. ನಂಗೆ ನಾಲ್ಕೂವರೆ ಅನ್ನಿಸ್ತು…" ನಿಲ್ಲಿಸಿದ. "ಇಲ್ಲ. ಏನೂ ಅನ್ನಿಸ್ಲಿಲ್ಲ. ನೆನಪಿಂದ ಹೇಳ್ದೆ. ಎಲ್ಲಾ ಮಂದ, ಎಲ್ಲಾ ಹತ್ತಿ ಮುಟ್ಟಿದ ಹಾಗೆ. ಕಬ್ಬಿಣ ಒರಟು ಅಂದ್ಕೊಂಡು ಸಾಣೆ ಹಿಡಿದೆ. ಇನ್ನೂ ಹಿಡಿದೆ. ಒರಟಾಗಿದ್ದದ್ದು ಕಬ್ಬಿಣ ಅಲ್ಲ."

"ಸುತ್ತಿಗೆ ತಟ್ಟಿ ನೋಡ್ಲಿಲ್ವಾ ನಡೀನ್‌ದು?"

"ತಟ್ಟಿದ್ರೆ ಗೊತ್ತಾಗ್ತಿತ್ತು."

ಅಷ್ಟೇ ಹೇಳಿದ. ಅರ್ಥವಾಗಲು ನನಗೆ ಒಂದು ಕ್ಷಣ ಹಿಡಿಯಿತು. ಗೊತ್ತಾಗಬಾರದೆಂದೇ ತಟ್ಟಲಿಲ್ಲ.

ಮದುವೆಯಾದಾಗಿನಿಂದ ಅವನನ್ನು ಹೊಡೆಯಬೇಕೆನಿಸಿದ್ದು ಇದೇ ಮೊದಲು. ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡೂ ಮಾಡಲಿಲ್ಲ. ಸಕ್ಕರೆ ಚೀಲ ಎತ್ತಿಕೊಂಡು ಒಳಗೆ ಬಂದೆ.

ನವೆಂಬರ್ 30

ರಾಯ್ಸ್ ದಿನವಿಡೀ ಫೋನಿನಲ್ಲಿ. ಆಪರೇಷನ್ ಆದ ಮೇಲೆ ಅವನ ಕೈ ಹಾದುಹೋದ ಪಿಸ್ತೂಲಿನವರೆಲ್ಲರಿಗೂ. "ಮುಟ್ಬೇಡಿ. ಒರೆ ಸಮೇತ ಹಾಗೇ ತನ್ನಿ. ನನ್ನ ಕೆಲಸ ಕೆಟ್ಟಿದೆ." ಅದೇ ಮೂರು ಮಾತು. ಒಬ್ಬೊಬ್ಬರಿಗೂ. ಕೆಲವರು ಸಮಾಧಾನ ಹೇಳಿದರು, ಒಬ್ಬ ಬೈದ. ರಾಯ್ಸ್ ಬೈಗುಳ ಪೂರ್ತಿ ಕೇಳಿಸಿಕೊಂಡು, ಹೌದು ಸರ್, ಎಂದ. ಕತ್ತಲಾಗುವ ಮೊದಲು ಆ ಪಿಸ್ತೂಲುಗಳೆಲ್ಲ ಶಾಪ್ ತಲುಪಿದವು. ಯಾರಿಗೂ ಏನೂ ಆಗಿಲ್ಲ.

ನಡೀನ್‌ಗೆ ಮಾತ್ರ ಮಾಡಲಿಲ್ಲ.

"ಅದು ಫೋನಲ್ಲಿ ಹೇಳೋದಲ್ಲ," ಎಂದ. "ಮೊದಲು ಲೀಲಂಡ್‌ಗೆ ಹೇಳ್ಬೇಕು. ಅವಳಿಗೆ ಹೇಳಿದ್ರೆ ಅವಳು ನನ್ನ ತಪ್ಪನ್ನ ಮುಚ್ಚಿಡ್ತಾಳೆ. ರಾಯ್ಸ್ ಪಾಪ, ಕಾಯಿಲೆ ಮನುಷ್ಯ, ಅಂತ. ಮಗಂಗೆ ಹೇಳಲ್ಲ. ಮಗೂನ ಕಳ್ಕೊಂಡು ಸುಮ್ನಿರ್ತಾಳೆ."

ಅವಳನ್ನು ಅವನು ನನಗಿಂತ ಚೆನ್ನಾಗಿ ಬಲ್ಲ.

ಡಿಸೆಂಬರ್ 1, ಭಾನುವಾರ

ಚರ್ಚ್‌ಗೆ ಹೋಗಲಿಲ್ಲ. ಗಾಡಿಯ ಕೀ ನನ್ನ ಕೈಗೆ ಕೊಟ್ಟ. "ಪಾದವೂ ಹಾಗೇ ಇದೆ. ಬ್ರೇಕ್ ಗೊತ್ತಾಗಲ್ಲ," ಎಂದ. ಇದೂ ಇವತ್ತೇ ಹೇಳಿದ್ದು.

ಲೀಲಂಡ್ ಬಾಗಿಲು ಅರ್ಧ ತೆಗೆದು ನಿಂತ. ಎತ್ತರದ ಹುಡುಗ, ತಾಯಿಯದ್ದೇ ಗಲ್ಲ.

"ಮಿಸ್ಟರ್ ರಾಯ್ಸ್, ಅಮ್ಮ ಕಳಿಸಿದ್ರೆ ದಯವಿಟ್ಟು ವಾಪಸ್ ಹೋಗಿ. ಆ ಮಾತು ಮುಗಿದಿದೆ."

"ಅವರಿಗೆ ನಾವು ಬಂದಿರೋದೇ ಗೊತ್ತಿಲ್ಲ."

"ಮತ್ತೆ?"

ರಾಯ್ಸ್ ಹ್ಯಾಟ್ ತೆಗೆದ. ದಾರಿಯುದ್ದ ಏನೇನೋ ಜೋಡಿಸಿಕೊಳ್ಳುತ್ತ ತುಟಿ ಆಡಿಸುತ್ತಿದ್ದ. ಅದ್ಯಾವುದೂ ಹೇಳಲಿಲ್ಲ.

"ಅವತ್ತು ಹಾರಿಸಿದ್ದು ನಿಮ್ಮಮ್ಮನ ಬೆರಳಲ್ಲ, ಮಗ. ನನ್ನದು."

ಆಮೇಲೆ ಉಳಿದದ್ದು ಹೇಳಿದ. ಕಚ್ಚು ಸವೆಸಿದ್ದು, ತಕ್ಕಡಿ ಬಚ್ಚಿಟ್ಟದ್ದು, ಸುತ್ತಿಗೆ ತಟ್ಟದೇ ಇದ್ದದ್ದು. ಕೀಮೋ ಎಂಬ ಪದ ಒಂದೇ ಸಲ ಬಂತು, ಅದೂ ನೆಪವಾಗಿ ಅಲ್ಲ.

"ನನ್ನ ಮಗಳು ಗೋಡೆಯಾಚೆ ಇದ್ಳು," ಎಂದ ಲೀಲಂಡ್.

"ಗೊತ್ತು."

"ಗೊತ್ತಿದ್ದೂ ಚರ್ಚ್‌ನಲ್ಲಿ ನಿಂತು… ಬಂದೂಕು ತಾನಾಗಿ ಹಾರಲ್ಲ ಅಂದ್ರಂತೆ ನೀವು!"

"ಅಂದೆ."

ಲೀಲಂಡ್‌ನ ಮುಷ್ಟಿ ನೋಡಿದೆ. ಹೊಡೆಯುತ್ತಾನೆ ಎಂದುಕೊಂಡೆ. ರಾಯ್ಸ್ ಕೂಡ ಹಾಗೇ ಅಂದುಕೊಂಡಿರಬೇಕು, ಅಲುಗಲಿಲ್ಲ. ಲೀಲಂಡ್ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ನಿಂತ.

"ನಾನು ಅಮ್ಮಂಗೆ ಏನಂದೆ ಗೊತ್ತಾ ನಿಮಗೆ? ಏನೇನಂದೆ? ಒಂದು ಮಾತು ಎದುರಾಡ್ಲಿಲ್ಲ ಅವಳು. ಜೂನಿ ಬಟ್ಟೆ ಎಲ್ಲಾ ಮಡಚಿ ಕೊಟ್ಳು."

ಒಳಗೆ ಟಿವಿಯಲ್ಲಿ ಕಾರ್ಟೂನ್.

"ಜೂನಿ!" ಎಂದು ಕೂಗಿದ ಕೊನೆಗೆ. ದನಿ ಒಡೆದಿತ್ತು. "ಶೂ ಹಾಕ್ಕೋ."

ಅದೇ ದಿನ

ನಡೀನ್ ಮನೆಯ ಮುಂದೆ ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಕೈಗೆ ಬೇರೆ ಕೆಲಸ ಬೇಕು.

ಒಬ್ಬನೇ ಹೋಗುತ್ತೇನೆ ಎಂದ ರಾಯ್ಸ್. ಲೀಲಂಡ್ ತನ್ನ ಟ್ರಕ್ಕಿನಲ್ಲೇ ಕಾಯುತ್ತಿದ್ದಾನೆ, ಜೂನಿಯನ್ನು ಹಿಡಿದುಕೊಂಡು. ಮೊದಲು ಅವರು ಹೇಳಿ ಮುಗಿಸಲಿ, ಎಂದ.

ಬಾಗಿಲು ತೆರೆದಿದೆ. ನಡೀನ್ ಏಪ್ರನ್‌ನಲ್ಲಿ. ಟ್ರಕ್ ಇನ್ನೂ ನೋಡಿಲ್ಲ. ರಾಯ್ಸ್ ಮಾತಾಡುತ್ತಿದ್ದಾನೆ, ಇಲ್ಲಿಗೆ ಕೇಳಿಸದು. ಬೆನ್ನು ಮಾತ್ರ ಕಾಣುತ್ತದೆ. ಬೆನ್ನು ಅಷ್ಟು ಬಾಗಿದ್ದು ನಾನು ನೋಡಿಲ್ಲ, ಆಸ್ಪತ್ರೆಯಲ್ಲೂ.

ಮಾತು ನಿಂತಿತು.

ನಡೀನ್ ಅವನನ್ನು ನೋಡುತ್ತಿಲ್ಲ. ತನ್ನ ಬಲಗೈ ಎತ್ತಿ ಹಿಡಿದಿದ್ದಾಳೆ, ಬೆಳಕಿಗೆ. ತೋರುಬೆರಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಳೆ. ಕಳೆದುಹೋಗಿದ್ದ ಬೆರಳನ್ನು ಯಾರೋ ಈಗಷ್ಟೇ ವಾಪಸು ಕೊಟ್ಟ ಹಾಗೆ. ಅಳುತ್ತಿದ್ದಾಳೋ, ಬೈಯುತ್ತಿದ್ದಾಳೋ. ಈಗ ಆ ಕೈ ರಾಯ್ಸ್‌ನ ಎದೆಯ ಮೇಲೆ. ತಳ್ಳುತ್ತಿದ್ದಾಳೆ. ಅಥವಾ ಹಿಡಿದುಕೊಂಡಿದ್ದಾಳೆ. ಇಲ್ಲಿಂದ ತಿಳಿಯುತ್ತಿಲ್ಲ.

ಟ್ರಕ್ಕಿನ ಬಾಗಿಲು ತೆರೆಯಿತು. ಜೂನಿಯ ಶೂ ಲೇಸ್ ಬಿಚ್ಚಿಕೊಂಡಿದೆ, ಯಾರಾದರೂ ಅವಳಿಗೆ ಹೇಳಬೇಕು, ನಾನೇ ಇಳಿ—